ಬರ ಬಂದ ವರ್ಷ ಬೇರು ಎಲ್ಲಿರಬೇಕು? ಕಷ್ಟದ ಮನೆಯಲ್ಲಿ ಪ್ರಾರ್ಥನೆ ನಿಲ್ಲದಂತೆ ನೋಡಿಕೊಳ್ಳುವ ಬಗೆ

ಸಂಜೆಪ್ರಾರ್ಥನೆ, ಹುಬ್ಬಳ್ಳಿ

ಎಲ್ಲರಿಗೂ ವಂದನೆಗಳು. ನಮ್ಮ ಕ್ರೈಸ್ತ ಮನೆಗಳಿಗೆ ಕಾಯಿಲೆ, ಸಾಲ, ಸಾವು ಬಂದಾಗ ಮೊದಲು ನಿಲ್ಲುವುದು ಕುಟುಂಬ ಪ್ರಾರ್ಥನೆ. ಆಮೇಲೆ ಭಾನುವಾರದ ಆರಾಧನೆ. ನಂಬಿಕೆಯಲ್ಲಿ ಬೇರೂರಿರಿ ಎಂಬ ಪ್ರಸಂಗವನ್ನು ಎಲ್ಲರೂ ಕೇಳಿದ್ದೇವೆ, ಹೇಗೆ ಎಂಬುದನ್ನು ಬಿಡಿಸಿ ಹೇಳುವವರು ಕಡಿಮೆ. ಎಷ್ಟು ಹೊತ್ತು, ಸತ್ಯವೇದದ (ಬೈಬಲಿನ) ಯಾವ ಅಧ್ಯಾಯ, ಯಾರು ಓದಬೇಕು, ಬಾಯಿಂದ ಮಾತೇ ಹೊರಡದಿದ್ದರೆ ಏನು ಮಾಡಬೇಕು? ತಿಳಿದವರು ಬರೆಯಿರಿ. ಒಂದು ವಿನಂತಿ: ದೇವರು ತಮಗೆ ಏನು ಮಾಡಿದನೆಂದು ಸಾಕ್ಷಿ ಹೇಳಲು ಬೇರೆ ಜಾಗ ಇದೆ. ಇಲ್ಲಿ ಕ್ರಮವನ್ನಷ್ಟೇ ಬರೆಯಿರಿ, ನಾಳೆ ಸಂಜೆ ಯಾರಾದರೂ ಓದಿ ಹಾಗೇ ಮಾಡುವಂತಿರಲಿ.

ಹಳೇ ಉಪದೇಶಿ, ಧಾರವಾಡ

ಮೊದಲ ಮಾತು: ಕಷ್ಟ ಬಂದಾಗ ಪ್ರಾರ್ಥನೆಯನ್ನು ಹಿಗ್ಗಿಸಬೇಡಿ, ಕುಗ್ಗಿಸಿ. ಬಹಳ ಮನೆಗಳಲ್ಲಿ ತಪ್ಪುವುದೇ ಇಲ್ಲಿ. ಆಸ್ಪತ್ರೆಯ ವರದಿ ಕೈಗೆ ಬಂದ ದಿನ "ಇನ್ನು ದಿನಾ ಒಂದು ತಾಸು" ಎಂದು ಹರಕೆಯಂತೆ ಹೊತ್ತುಕೊಳ್ಳುತ್ತಾರೆ. ನಾಲ್ಕನೇ ದಿನ ತಪ್ಪುತ್ತದೆ. ಐದನೇ ದಿನ ದೇವರ ಮುಂದೆ ಕೂರಲು ಅಳುಕು. ಎರಡು ವಾರದಲ್ಲಿ ಪೂರ್ತಿ ನಿಂತುಹೋಗುತ್ತದೆ.

ಏಳು ನಿಮಿಷ ಸಾಕು. ಸತ್ಯವೇದದ ಕೀರ್ತನೆಗಳಲ್ಲಿ ಚಿಕ್ಕದೊಂದು, ಎರಡು ನಿಮಿಷ ಮೌನ, ಒಬ್ಬರ ಹೆಸರು ಹಿಡಿದು ಒಂದೇ ವಾಕ್ಯದ ಬೇಡಿಕೆ, ಕೊನೆಗೆ ಎಲ್ಲರೂ ಸೇರಿ ಜೋರಾಗಿ ಕರ್ತನ ಪ್ರಾರ್ಥನೆ, ಯೇಸು ಶಿಷ್ಯರಿಗೆ ಕಲಿಸಿದ್ದು. ಜೋರಾಗಿ ಎನ್ನಲು ಕಾರಣ ಇದೆ: ಒಬ್ಬರ ಗಂಟಲು ಕಟ್ಟಿದರೆ ಇನ್ನೊಬ್ಬರ ಧ್ವನಿ ಮುಂದಕ್ಕೆ ಒಯ್ಯುತ್ತದೆ. ಕೀರ್ತನೆ 131ರಲ್ಲಿ ಮೂರೇ ವಚನ. 13 ಮತ್ತು 23ರಲ್ಲಿ ಆರಾರು, 121 ಮತ್ತು 130ರಲ್ಲಿ ಎಂಟೆಂಟು. ಈ ಐದನ್ನೇ ತಿರುಗಿಸಿ ತಿರುಗಿಸಿ ಓದಿದರೂ ಒಂದು ತಿಂಗಳು ಕಳೆಯುತ್ತದೆ.

ಹೊತ್ತನ್ನು ಗಡಿಯಾರಕ್ಕೆ ಕಟ್ಟಬೇಡಿ, ಹೇಗೂ ನಡೆಯುವ ಕೆಲಸಕ್ಕೆ ಕಟ್ಟಿ. ರೊಟ್ಟಿ ಬಡಿದು ಒಲೆ ಆರಿಸಿದ ಮೇಲೆ, ತಾಟು ಹಾಕುವ ಮುಂಚೆ. ಎಂಥ ಮನೆಯಲ್ಲೂ ಆ ಹೊತ್ತು ಬಂದೇ ಬರುತ್ತದೆ. ಸತ್ಯವೇದವನ್ನು ಕಪಾಟಿನ ಮೇಲೆ ಬಟ್ಟೆ ಸುತ್ತಿ ಇಟ್ಟರೆ ಇಳಿಸಲು ಒಬ್ಬರು ಏಳಬೇಕು, ಆ ಏಳುವುದೇ ದಣಿದವರಿಗೆ ಭಾರ. ಉಪ್ಪಿನ ಡಬ್ಬಿಯ ಪಕ್ಕದಲ್ಲಿ, ಕೈಗೆ ಸಿಗುವ ಹಾಗೆ, ಓದಬೇಕಾದ ಪುಟಕ್ಕೆ ದಾರ ಹಾಕಿ ಇಡಿ. ಹತ್ತು ವರ್ಷದ ಮಗುವಿದ್ದರೆ ಅದೇ ಓದಲಿ. ತೊದಲಿದರೂ ನಡುವೆ ತಿದ್ದಬೇಡಿ.

ವರ್ಷಕ್ಕೊಮ್ಮೆ ಸತ್ಯವೇದ ಮುಗಿಸುವ ಪಟ್ಟಿ ಹಿಡಿದವರು ಈ ಕಾಲದಲ್ಲಿ ಅದನ್ನು ಪಕ್ಕಕ್ಕಿಡಿ. ಒಟ್ಟು 1189 ಅಧ್ಯಾಯ, ದಿನಕ್ಕೆ ಮೂರೂ ಕಾಲು ಬೀಳುತ್ತದೆ. ಗಟ್ಟಿಮುಟ್ಟಾದವರೇ ಬಲಿ, ಶುದ್ಧಿಯ ನಿಯಮಗಳು ತುಂಬಿದ ಯಾಜಕಕಾಂಡದಲ್ಲಿ ಸಿಕ್ಕಿಬೀಳುತ್ತಾರೆ.

ಎರಿಹೊಲ, ಗದಗ

ಉಪದೇಶಿಗಳು ಹೇಳಿದ್ದು ಖರೇ ಐತಿ. ಬೇರಿನ ಮಾತು ಬಂತಲ್ಲ, ಯೆರೆಮೀಯ 17:8 ತಗದು ನೋಡ್ರಿ. ನೀರಿನ ದಂಡಿಗಿ ನೆಟ್ಟ ಗಿಡ, ಬಿಸಿಲಿಗಿ ಅಂಜೂದಿಲ್ಲ, ಬರದ ವರ್ಷ ಚಿಂತಿ ಮಾಡೂದಿಲ್ಲ. ಆ ಗಿಡಕ್ಕ ಬಿಸಿಲು ಬರೂದಿಲ್ಲ ಅಂತ ಎಲ್ಲೂ ಬರದಿಲ್ರಿ. ಬಿಸಿಲೂ ಬರ್ತೈತಿ, ಬರಾನೂ ಬರ್ತೈತಿ. ಫರಕ ಇರೂದು ಬೇರು ಎಲ್ಲಿಗಿ ಮುಟ್ಟೇತಿ ಅನ್ನೂದರಾಗ.

ನಮ್ಮ ಕಡೆ ಹಿಂಗಾರಿ ಬಿಳಿಜೋಳ ಹೆಂಗ ಬೆಳಿತೈತಿ? ಸಪ್ಟಂಬರ್-ಅಕ್ಟೋಬರ್‌ದಾಗ ಬಿತ್ತತೀವಿ, ಆಮ್ಯಾಲ ಮಳಿ ಆಗದಿದ್ರೂ ಬೆಳಿ ನಿಂದರ್ತೈತಿ. ಮ್ಯಾಲಿನ ಮಣ್ಣು ಒಣಗಿದ್ರೂ ಕೆಳಗ ಎರಿಮಣ್ಣು ಹಿಡಕೊಂಡ ಹಸಿ ಇರ್ತೈತಿ, ಬೇರು ಅಲ್ಲಿತನಕ ಇಳಿತೈತಿ. ಅಂದ್ರ ಚಳಿಗಾಲದ ಬೆಳಿ ಉಣ್ಣೂದು ಮಳಿಗಾಲದಾಗ ಭೂಮಿ ಕುಡದ ನೀರು. ಸುಖದ ದಿನದಾಗ ಬಾಯಿಪಾಠ ಮಾಡಿದ ಕೀರ್ತನಿ ಹಂಗ. ಕಣ್ಣಾಗ ನೀರು ತುಂಬಿ ಅಕ್ಷರ ಕಾಣದಾಗ ಒಳಗಿಂದ ಬರೂದು ಅದೊಂದ.

ಇನ್ನೊಂದು. ಎರಿ ಭೂಮಿ ಒಣಗಿದ್ರ ಬಿರಕ ಬಿಡ್ತೈತಿ. ಆ ಬಿರಕಿನ್ಯಾಗಿಂದ ಉಳದ ಹಸಿ ಆರಿ ಹೋಗ್ತೈತಿ, ಬೇರೂ ಹರೀತಾವ. ಅದಕ್ಕ ಸಾಲಿನ ನಡುವ ಎಡಿ (ಕುಂಟಿ) ಹೊಡಿತೀವಿ. ಮ್ಯಾಲಿನ ಎರಡು ಬೆರಳಷ್ಟು ಮಣ್ಣು ಪುಡಿ ಮಾಡಿದ್ರ ಬಿರಕು ಮುಚ್ಚತಾವ, ಕೆಳಗಿನ ಹಸಿ ಉಳಿತೈತಿ. ಆಳಕ್ಕ ಹೊಡದ್ರ ಬೇರ ಕಡೀತೀರಿ. ಏಳು ನಿಮಿಷದ ಪ್ರಾರ್ಥನಿ ಅಂದ್ರ ಇದ ಎಡಿ ಹೊಡಿಯೂದು. ಬರದಾಗ ನೇಗಿಲು ಹೂಡಬಾರ್ದು.

ಸಂಜೆಪ್ರಾರ್ಥನೆ, ಹುಬ್ಬಳ್ಳಿ

ಸರಿಯಾಗಿ ಹೇಳಿದಿರಿ ಅಣ್ಣಾರೆ. ಆದರೆ ಕೆಲವರು ಕೂತರೂ ಬಾಯಿ ತೆರೆಯುವುದಿಲ್ಲ. ದೇವರ ಮೇಲೆ ಸಿಟ್ಟು ಇರುತ್ತದೆ, ಹೇಳಿದರೆ ಪಾಪವೆಂಬ ಭಯವೂ ಇರುತ್ತದೆ. ಅವರಿಗೇನು ದಾರಿ?

ಹಳೇ ಉಪದೇಶಿ, ಧಾರವಾಡ

ಅವರ ಮುಂದೆ ಕೀರ್ತನೆ 13 ತೆರೆದಿಡಿ. "ಎಷ್ಟರ ತನಕ" ಎಂಬ ಪ್ರಶ್ನೆ ಮೊದಲ ಎರಡೇ ವಚನಗಳಲ್ಲಿ ನಾಲ್ಕು ಸಲ ಬರುತ್ತದೆ. 1-2 ದೂರು, 3-4 ಬೇಡಿಕೆ, 5-6 ಭರವಸೆ. ಒಂದು ಹಾಳೆಯನ್ನು ಇದೇ ಮೂರು ಭಾಗವಾಗಿ ಗೆರೆ ಎಳೆದು ಕೊಡಿ. ಮೊದಲ ವಾರ ದೂರಿನ ಭಾಗವನ್ನು ಮಾತ್ರ ಬರೆಯಲಿ, ಇದ್ದದ್ದು ಇದ್ದ ಹಾಗೆ. ಬೇಡಿಕೆ ಎರಡನೇ ವಾರಕ್ಕಿರಲಿ. ಮೂರನೇ ಭಾಗ ಖಾಲಿ ಇದ್ದರೆ ಖಾಲಿಯೇ ಇರಲಿ. ಪಕ್ಕದಲ್ಲಿ ಕೂತವರು ಅದನ್ನು ತುಂಬಿಸಲು ಅವಸರ ಮಾಡಿದಾಗಲೇ ಕೆಲಸ ಕೆಡುವುದು. ಮನಸ್ಸು ಒಪ್ಪದ ಸ್ತೋತ್ರವನ್ನು ಬಾಯಿಂದ ಹೇಳಿಸಿದರೆ ಮುಂದಿನ ಸಲ ಅವರು ಕೂರಲಿಕ್ಕೇ ಬರುವುದಿಲ್ಲ.

ಕೀರ್ತನೆ 88 ಕತ್ತಲೆಯಲ್ಲೇ ಮುಗಿಯುತ್ತದೆ, ಭರವಸೆಯ ಸಾಲು ಕೊನೆಗೆ ಬರುವುದಿಲ್ಲ. ಆದರೂ ಅದು ಸತ್ಯವೇದದೊಳಗೇ ಇದೆ. ಅಷ್ಟು ಜಾಗವನ್ನು ದೇವರೇ ಕೊಟ್ಟಿದ್ದಾನೆ.

ಸತ್ಯವೇದದ ಪ್ರಲಾಪಗಳು ಎಂಬ ಪುಸ್ತಕದ ಕಟ್ಟಡ ನೋಡಿ. ಐದು ಅಧ್ಯಾಯ, ವಚನಗಳ ಲೆಕ್ಕ 22, 22, 66, 22, 22. ಮೊದಲ ನಾಲ್ಕು ಅಧ್ಯಾಯ ಇಬ್ರಿಯ ಭಾಷೆಯ 22 ಅಕ್ಷರಗಳ ಸರದಿಯಲ್ಲೇ ಸಾಗುತ್ತವೆ, ನಮ್ಮಲ್ಲಿ ಅ ಆ ಇ ಈ ಹಿಡಿದು ಅತ್ತ ಹಾಗೆ. ಪ್ರತಿ ಮುಂಜಾನೆ ಹೊಸದಾಗುವ ಕರುಣೆಯ ಮಾತು ನಟ್ಟನಡುವೆ, 3:22-23ರಲ್ಲಿ ಬರುತ್ತದೆ. ಅಲ್ಲಿಗೆ ನಿಲ್ಲದೆ ಮತ್ತೆ ಎರಡು ಅಧ್ಯಾಯ ಅಳು ಇದೆ. ನಾವು ಆ ಎರಡು ವಚನ ಕತ್ತರಿಸಿ ಗೋಡೆಗೆ ಹಚ್ಚುತ್ತೇವೆ. ದುಃಖದ ಮನೆಯಲ್ಲಿ ಮೂರನೇ ಅಧ್ಯಾಯವನ್ನು ಮೊದಲಿಂದ ಓದಿ. ಆ ವಚನ ಯಾವ ಗುಂಡಿಯೊಳಗಿಂದ ಬಂತು ಎಂಬುದು ಕೇಳುವವರಿಗೆ ತಿಳಿಯಬೇಕು.

ಹೊಸ ಮಾತು ಸಿಗದಿದ್ದರೆ ಹಳೆಯದನ್ನೇ ಹೇಳಿ. ಸೆರೆ ಸಿಗುವ ಮುಂಚೆ ಗೆತ್ಸೇಮನೆ ತೋಟದಲ್ಲಿ ಕರ್ತನು ಮೂರನೇ ಸಲವೂ ಅದೇ ಮಾತುಗಳನ್ನು ಹೇಳಿ ಪ್ರಾರ್ಥಿಸಿದನು, ಮತ್ತಾಯ 26:44. ಅದೂ ಆಗದಿದ್ದರೆ ನರಳಿಕೆ ಸಾಕು, ರೋಮಾ 8:26.

ವಾರ್ಡ್ ನರ್ಸ್, ಹುಬ್ಬಳ್ಳಿ

ಕಾಯಿಲೆಯ ಮನೆಗಳಿಗೆ ಕೆಲವು ಮಾತು. ಯಾಕೋಬ 5:14ರಲ್ಲಿ ಸಭೆಯ ಹಿರಿಯರನ್ನು ಕರೆಸಿರಿ, ಎಣ್ಣೆ ಹಚ್ಚಿ ಪ್ರಾರ್ಥಿಸಲಿ ಎಂದಿದೆ. ಔಷಧಿ ಬಿಡಿರಿ ಎಂದು ಅಲ್ಲಿಲ್ಲ. ಕ್ಷಯರೋಗದ ಸಾಮಾನ್ಯ ಚಿಕಿತ್ಸೆ ಆರು ತಿಂಗಳು. ಎರಡು ತಿಂಗಳಿಗೆ ಕೆಮ್ಮು ಇಳಿದು ತೂಕ ಏರುತ್ತದೆ, "ಸ್ವಸ್ಥತೆ ಸಿಕ್ಕಿತು" ಎಂದು ಗುಳಿಗೆ ಬಿಡುತ್ತಾರೆ. ಉಳಿದುಕೊಂಡ ಕ್ರಿಮಿ ಔಷಧಿಗೆ ಬಗ್ಗದಂತಾಗಿ ತಿರುಗಿ ಬರುತ್ತದೆ. ದೇವರಿಗೆ ಸ್ತೋತ್ರ ಹೇಳಿ, ಗುಳಿಗೆಯನ್ನೂ ನುಂಗಿ.

ಉಪವಾಸ ಪ್ರಾರ್ಥನೆಯ ವಿಷಯ ಇನ್ನೂ ಮುಖ್ಯ. ಇನ್ಸುಲಿನ್ ತೆಗೆದುಕೊಳ್ಳುವವರು, ಗ್ಲಿಮೆಪಿರೈಡ್‌ನಂಥ ಗುಳಿಗೆ ನುಂಗುವವರು ವೈದ್ಯರನ್ನು ಕೇಳದೆ ಹೊಟ್ಟೆ ಖಾಲಿ ಬಿಡಬಾರದು. ರಕ್ತದ ಸಕ್ಕರೆ 70ಕ್ಕಿಂತ (mg/dL) ಕೆಳಗೆ ಇಳಿದರೆ ಬೆವರು, ಕೈನಡುಕ, ತೊದಲು ಮಾತು ಶುರುವಾಗುತ್ತದೆ. ಪ್ರಾರ್ಥನಾ ಕೂಟದಲ್ಲಿ ಇದನ್ನು ಆತ್ಮಾವೇಶವೆಂದು ತಿಳಿದರೆ ಜೀವಕ್ಕೇ ಅಪಾಯ. ಎಚ್ಚರ ಇರುವವರಿಗೆ ಮೂರು ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ. ಇಂಥವರು ಉಪವಾಸದ ಬದಲು ಟಿವಿ, ಮೊಬೈಲು ಬಿಡಲಿ.

ಇನ್ನೊಂದು ಗುರುತು. ಎರಡು ವಾರ ದಾಟಿದರೂ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಯಾವುದರಲ್ಲೂ ಮನಸ್ಸಿಲ್ಲ, ಬದುಕು ಸಾಕೆನ್ನುತ್ತಾರೆ ಎಂದಾದರೆ ಅದನ್ನು ನಂಬಿಕೆಯ ಕೊರತೆ ಎನ್ನಬೇಡಿ. ಖಿನ್ನತೆ ಇದ್ದೀತು, ಅದಕ್ಕೆ ಚಿಕಿತ್ಸೆ ಇದೆ. ಧಾರವಾಡದಲ್ಲೇ ಡಿಮ್ಹಾನ್ಸ್ ಎಂಬ ಮಾನಸಿಕ ಚಿಕಿತ್ಸೆಯ ಸರಕಾರಿ ಆಸ್ಪತ್ರೆ ಇದೆ. ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಮಾತು ಆಡಿದವರನ್ನು ಆ ರಾತ್ರಿ ಒಂಟಿಯಾಗಿ ಬಿಡಬೇಡಿ. 1 ಅರಸು 19ರಲ್ಲಿ ಪ್ರವಾದಿ ಎಲೀಯನು ಸಾಕು, ನನ್ನ ಪ್ರಾಣ ತೆಗೆದುಕೋ ಎಂದಾಗ ದೇವದೂತನು ಪ್ರಸಂಗ ಮಾಡಲಿಲ್ಲ. ಮುಟ್ಟಿ ಎಬ್ಬಿಸಿದನು. ತಲೆಯ ಬಳಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು. ಎಲೀಯನು ತಿಂದು ಮತ್ತೆ ಮಲಗಿದನು. ಎರಡನೇ ಸಲವೂ ಎಬ್ಬಿಸಿ ಉಣ್ಣಿಸಿದನು. ದೇವರ ಮೆಲುದನಿ ಬಂದದ್ದು ಎಷ್ಟೋ ದಿನದ ಮೇಲೆ.

ವಾಗ್ದಾನ, ಧಾರವಾಡ

ಉಪದೇಶಿಗಳೇ, ಗೋಡೆಗೆ ವಚನ ಹಚ್ಚುವುದನ್ನು ಹಗುರ ಮಾಡಬೇಡಿ. ಹೊಸ ವರ್ಷದ ರಾತ್ರಿ ಸಭೆಯಲ್ಲಿ ಸಿಗುವ ವಾಗ್ದಾನದ ಚೀಟಿ ಎಷ್ಟೋ ಜನರಿಗೆ ವರ್ಷವಿಡೀ ಹಿಡಿದುಕೊಳ್ಳುವ ಕೋಲು. ಓದು ಬಾರದ ಅಜ್ಜಿಯೂ ಅದೊಂದು ವಚನವನ್ನು ಬಾಯಿಪಾಠ ಮಾಡುತ್ತಾಳೆ.

ಹಳೇ ಉಪದೇಶಿ, ಧಾರವಾಡ

ಬಾಯಿಪಾಠದ ಮಾತು ಒಪ್ಪಿದೆ, ನಾನು ಬರೆದದ್ದು ಒರಟಾಯಿತು. ಚೀಟಿ ಇರಲಿ. ಆದರೆ ವಚನದ ಕೆಳಗೆ ಅದರ ಹಿಂದಿನ ಮುಂದಿನ ಐದು ವಚನ ಓದಿರಿ ಎಂದೊಂದು ಸಾಲು ಅಚ್ಚು ಹಾಕಿಸಿ. ಯೆರೆಮೀಯ 29:11 ಬಹಳ ಚೀಟಿಗಳಲ್ಲಿ ಬರುತ್ತದೆ: ಒಳ್ಳೆಯ ಗತಿ, ನಿರೀಕ್ಷೆ. ಅದರ ಹಿಂದಿನ ವಚನ ಎಪ್ಪತ್ತು ವರ್ಷ ಎನ್ನುತ್ತದೆ. ಬಾಬೆಲಿನಲ್ಲಿದ್ದ ಸೆರೆಯವರಿಗೆ ಬರೆದ ಪತ್ರ ಅದು. ಮನೆ ಕಟ್ಟಿರಿ, ತೋಟ ಮಾಡಿರಿ, ಆ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಎಂದು 5-7ರಲ್ಲಿ ಮೊದಲೇ ಹೇಳಿದೆ. ಇದನ್ನು ಬಿಟ್ಟು ಓದಿದವರು ಡಿಸೆಂಬರ್ ಹೊತ್ತಿಗೆ ಚೀಟಿ ಸುಳ್ಳಾಯಿತು ಎಂದುಕೊಳ್ಳುತ್ತಾರೆ. ಪೂರ್ತಿ ಓದಿದವರು ತೋಟ ಮಾಡಿಕೊಂಡು ಕಾಯುತ್ತಾರೆ.

ವಾಗ್ದಾನ, ಧಾರವಾಡ

ಹೀಗಾದರೆ ಒಪ್ಪುತ್ತೇನೆ. ನಮ್ಮ ಚೀಟಿಯಲ್ಲಿ ಆ ಸಾಲು ಹಾಕಿಸಲು ಕೇಳುತ್ತೇನೆ.

ಲೆಕ್ಕದ ಪುಸ್ತಕ, ಹುಬ್ಬಳ್ಳಿ

ಸಾಲದ ಬಗ್ಗೆ ಯಾರೂ ಬರೆದಿಲ್ಲ. ಸಭೆಗೆ ಬರುವುದನ್ನು ಜನ ಬಿಡುವುದಕ್ಕೆ ದೊಡ್ಡ ಕಾರಣ ಇದೇ. ಕಾಣಿಕೆ ಚೀಲ ಮುಂದೆ ಬಂದಾಗ ಹಾಕಲು ಏನೂ ಇರುವುದಿಲ್ಲ, ನಾಚಿಕೆಯಿಂದ ಮುಂದಿನ ವಾರ ಬರುವುದಿಲ್ಲ. 2 ಕೊರಿಂಥ 8:12 ನೋಡಿ: ಇದ್ದದ್ದರ ಪ್ರಕಾರ, ಇಲ್ಲದ್ದರ ಪ್ರಕಾರ ಅಲ್ಲ. ಕೈ ಮುಗಿದು ಚೀಲ ಮುಂದೆ ದಾಟಿಸಿದರೂ ಅದು ಆರಾಧನೆಯೇ. ಸಾಲ ಮಾಡಿ ದಶಮಾಂಶ (ಆದಾಯದ ಹತ್ತರಲ್ಲೊಂದು ಪಾಲು) ಕೊಡಬೇಡಿ. "ಬೀಜ ಕಾಣಿಕೆ ಹಾಕಿ, ನೂರರಷ್ಟು ಬರುತ್ತದೆ" ಎಂದು ಕೇಳುವವರಿಂದ ದೂರ ಇರಿ. ಇದ್ದ ಎರಡು ಕಾಸನ್ನೂ ಕಾಣಿಕೆಗೆ ಹಾಕಿದ ಬಡ ವಿಧವೆಯ ಕಥೆ ಮಾರ್ಕ 12:41ರಿಂದ ಶುರುವಾಗುತ್ತದೆ. ಅದಕ್ಕೆ ಮೊದಲ ವಚನದಲ್ಲೇ ವಿಧವೆಯರ ಮನೆಗಳನ್ನು ನುಂಗುವವರಿಗೆ ಕರ್ತನು ಬೈದಿದ್ದಾನೆ.

ಕೆಲಸದ ಕ್ರಮ: ಪ್ರಾರ್ಥನೆ ಮುಗಿದ ಮೇಲೆ ಅದೇ ಚಾಪೆಯ ಮೇಲೆ ಗಂಡ ಹೆಂಡತಿ ಇಬ್ಬರೂ ಕೂತು ಒಂದು ಹಾಳೆ ತೆಗೆಯಿರಿ. ಯಾರಿಗೆ, ಇನ್ನೂ ಎಷ್ಟು ಬಾಕಿ, ಬಡ್ಡಿ ಎಷ್ಟು, ಕಂತು ಯಾವ ವಾರ, ಜಾಮೀನು ಯಾರು. ಮುಚ್ಚಿಟ್ಟ ಸಾಲ ಒಂದಾದರೂ ಈ ಹಾಳೆಯ ಮೇಲೆ ಹೊರಗೆ ಬರುತ್ತದೆ, ಆ ರಾತ್ರಿ ಮಾತು ಬೆಳೆಯುತ್ತದೆ. ಅದಕ್ಕೇ ಪ್ರಾರ್ಥನೆ ಮೊದಲು. ವಾರದ ಕಂತು ಕಟ್ಟಲು ಇನ್ನೊಂದು ಸಂಘದಲ್ಲಿ ಸಾಲ ಎತ್ತುವುದನ್ನು ಮೊದಲು ನಿಲ್ಲಿಸಿ. ಬಲವಂತದ ವಸೂಲಿ ತಡೆಯಲು ರಾಜ್ಯದಲ್ಲಿ 2025ರಲ್ಲಿ ಕಾನೂನು ಬಂದಿದೆ. ಬೆದರಿಸಿದರೆ, ಬಾಗಿಲಲ್ಲಿ ಕೂತು ಮಾನ ಕಳೆದರೆ ಸಭೆಯ ಇಬ್ಬರನ್ನು ಕರೆದುಕೊಂಡು ಠಾಣೆಗೆ ಹೋಗಿ.

ಸಭೆಯವರಿಗೂ ಒಂದು ಮಾತು. ಗಲಾತ್ಯ 6:2 ಒಬ್ಬರ ಭಾರವನ್ನು ಒಬ್ಬರು ಹೊರಿರಿ ಎನ್ನುತ್ತದೆ, 6:5 ಪ್ರತಿಯೊಬ್ಬನು ತನ್ನ ಹೊರೆ ತಾನೇ ಹೊರಬೇಕು ಎನ್ನುತ್ತದೆ. ಮೂಲ ಗ್ರೀಕಿನಲ್ಲಿ ಎರಡೂ ಬೇರೆ ಬೇರೆ ಪದ. ಮೊದಲನೆಯದು ಬೆನ್ನು ಮುರಿಯುವ ಜೋಳದ ಚೀಲ, ಎರಡನೆಯದು ಹೆಗಲ ಮೇಲಿನ ಬುತ್ತಿಗಂಟು. ಆಸ್ಪತ್ರೆ ಬಿಲ್ಲಿಗೆ, ಮಕ್ಕಳ ಫೀಗೆ ಸಭೆ ಕೈ ಹಚ್ಚಲಿ. ತಿಂಗಳ ಸಂತೆ ಖರ್ಚು ಮನೆಯವರದೇ ಇರಲಿ, ಮರ್ಯಾದೆಯೂ ಉಳಿಯುತ್ತದೆ. ಕೊಡುವ ಹಣ ಕೊಡುಗೆಯಾಗಿರಲಿ, ಕೈಗಡ ಬೇಡ. ಕೈಗಡ ಕೊಟ್ಟರೆ ಹಣವೂ ಬರುವುದಿಲ್ಲ, ಮನುಷ್ಯನೂ ಬರುವುದಿಲ್ಲ. ಸಹಾಯ ಪಡೆದವರ ಹೆಸರು ವಾರ್ಷಿಕ ವರದಿಯಲ್ಲಿ ಓದಬೇಡಿ.

ಮನೆಭೇಟಿ, ಧಾರವಾಡ

ಸಾವಾದ ಮನಿಗಿ ಹೋಗೂದರ ಬಗ್ಗೆ ಬರೀತೀನ್ರಿ, ಅಲ್ಲೇ ಬಹಳ ಮಂದಿ ನೋವು ಹೆಚ್ಚು ಮಾಡಿ ಬರ್ತಾರ. "ದೇವರಿಗಿ ಬೇಕಾಗಿದ್ದ, ಕರಕೊಂಡ" ಅನಬ್ಯಾಡ್ರಿ. "ಏನೋ ತಪ್ಪು ಆಗಿರಬೇಕು" ಅಂತೂ ಅನ್ನಲೇಬ್ಯಾಡ್ರಿ. ಮಕ್ಕಳನ್ನ ಕಳಕೊಂಡ ಯೋಬನ ಗೆಳೆಯರು ಏಳು ಹಗಲು ಏಳು ರಾತ್ರಿ ಬಾಯಿ ಬಿಡದ ನೆಲದ ಮ್ಯಾಲ ಕುಂತಿದ್ರು, ಯೋಬ 2:13. ಅಲ್ಲೀತನಕ ಚಲೋ ಮಾಡಿದ್ರು. ಬಾಯಿ ಬಿಟ್ಟ ಮ್ಯಾಲ ಕೆಟ್ಟಿತು, 42:7ರಾಗ ದೇವರು ಅವರಿಗೇ ಸಿಟ್ಟಾದ.

ಇಪ್ಪತ್ತು ನಿಮಿಷ ಕುಂದರ್ರಿ. ಸತ್ತವರ ಹೆಸರು ತಗೊಂಡ ಮಾತಾಡ್ರಿ, ಹೆಸರು ಮುಚ್ಚಿಟ್ರ ಅವರಿಗಿ ಇನ್ನೂ ಸಂಕಟ. ಒಂದು ಕೀರ್ತನಿ, ಕರ್ತನ ಪ್ರಾರ್ಥನಿ, ಎದ್ದು ಬರ್ರಿ. "ಏನರ ಬೇಕಾದ್ರ ಹೇಳ್ರಿ" ಅಂದ್ರ ಯಾರೂ ಹೇಳೂದಿಲ್ಲ. "ಗುರುವಾರ ಸಂಜೀಕ ರೊಟ್ಟಿ, ಝುಣಕ ತರ್ತೀವಿ" ಅಂತ ದಿನದ ಹೆಸರು ಹಿಡದ ಹೇಳಿ ಬರ್ರಿ, ಹಂಗ ತರ್ರಿ.

ಮಣ್ಣು ಕೊಟ್ಟ ಮೊದಲ ವಾರ ಮನಿ ತುಂಬ ಮಂದಿ. ಮೂರನೇ ವಾರಕ್ಕ ಒಬ್ಬರೂ ಇರೂದಿಲ್ಲ. ಸ್ತ್ರೀ ಕೂಟದಾಗ ಆರು ವಾರದ ಪಾಳಿ ಬರೀರಿ, ವಾರಕ್ಕ ಎರಡು ಭೇಟಿ, ಇಬ್ಬಿಬ್ಬರು, ಒಟ್ಟ ಹನ್ನೆರಡು ಭೇಟಿ. ಅದರಾಗ ಒಬ್ಬಾಕಿ ಪ್ರತಿ ಸಲಾನೂ ಅಕೀನ ಇರಲಿ, ಇಲ್ಲಾಂದ್ರ ಬಂದವರಿಗೆಲ್ಲ ಅದೇ ಕಥಿ ಮೊದಲಿಂದ ಹೇಳಬೇಕಾಗ್ತೈತಿ.

ಹಾರ್ಮೋನಿಯಂ, ಬೆಟಗೇರಿ

ಗೀತಗಳ ಬಗ್ಗೆ ಸಣ್ಣ ಮಾತು. ದುಃಖದ ಮನೆಯಲ್ಲಿ ಶ್ರುತಿ ಇಳಿಸಿ. ಹಾರ್ಮೋನಿಯಂನ ಕಪ್ಪು ಎರಡನೇ ಮನೆಯಲ್ಲಿ ಹಾಡುವ ಗೀತವನ್ನು ಬಿಳಿ ಒಂದನೇ ಮನೆಗೆ ತನ್ನಿ. ಅತ್ತ ಗಂಟಲು ಮೇಲಿನ ಸ್ವರ ಮುಟ್ಟುವುದಿಲ್ಲ, ಮುಟ್ಟದಿದ್ದಾಗ ಜನ ನಿಲ್ಲಿಸುತ್ತಾರೆ. ತಬಲಾ ಬೇಡ. ಗೀತದ ಪುಸ್ತಕದಿಂದ ನಾಲ್ಕನ್ನು ಮಾತ್ರ ಆರಿಸಿ, ಮಕ್ಕಳಿಗೆ ಎಲ್ಲ ಚರಣ ಬಾಯಿಗೆ ಬರಲಿ. ಲಕ್ವಾ ಹೊಡೆದು ಮಾತು ಹೋದವರಲ್ಲಿ ಕೆಲವರಿಗೆ ಹಳೆಯ ಹಾಡಿನ ಪದ ಬರುತ್ತದೆ. ಕಿವಿಯ ಹತ್ತಿರ ಮೆಲ್ಲಗೆ ಮೊದಲ ಸಾಲು ಹಾಡಿ, ಎರಡನೆಯದಕ್ಕೆ ಕಾದು ನೋಡಿ.

ಜಪಸರ, ಹಾವೇರಿ

ನಾವು ಕಥೋಲಿಕರು. ಇಡೀ ಜಪಸರ ಐದು ದಶಕ (ದಶಕ ಎಂದರೆ ಹತ್ತು ಮಣಿಯ ಜಪ), ಇಪ್ಪತ್ತು ನಿಮಿಷದ ಹತ್ತಿರ ಹಿಡಿಯುತ್ತದೆ. ಆಸ್ಪತ್ರೆಯ ಸಾಲಿನಲ್ಲಿ ನಿಂತು ಅಷ್ಟು ಆಗದಿದ್ದರೆ ಒಂದೇ ದಶಕ ಹೇಳಿ, ನಾಲ್ಕು ನಿಮಿಷ. ಸರ ಇಲ್ಲದಿದ್ದರೆ ಹತ್ತು ಬೆರಳಿವೆ. ಮಂಗಳವಾರ, ಶುಕ್ರವಾರ ದುಃಖದ ರಹಸ್ಯಗಳು, ಅಂದರೆ ಯೇಸುವಿನ ಪಾಡುಗಳ ಧ್ಯಾನ. ನೋವಿನಲ್ಲಿದ್ದವರು ಬೇರೆ ದಿನವೂ ಅವನ್ನೇ ಧ್ಯಾನಿಸಬಹುದು. ರೋಗಿಗಳಿಗೆ ಎಣ್ಣೆ ಹಚ್ಚುವ ಸಂಸ್ಕಾರ ಸಾಯುವವರಿಗೆ ಮಾತ್ರವೆಂದು ಕೊನೆ ಗಳಿಗೆವರೆಗೆ ಕಾಯುತ್ತಾರೆ, ಹಾಗಲ್ಲ. ದೊಡ್ಡ ಶಸ್ತ್ರಚಿಕಿತ್ಸೆಗೆ ಮುಂಚೆಯೇ ಫಾದರ್ ಅವರನ್ನು ಕೇಳಿ.

ಎರಿಹೊಲ, ಗದಗ

ಪ್ರವಾದಿ ಹಬಕ್ಕೂಕನ ಮಾತು, 3:17, ಬಿಟ್ಟಿದ್ದೀರಿ. ಅಂಜೂರ, ದ್ರಾಕ್ಷಿ, ಎಣ್ಣಿಮರ, ಹೊಲ, ಕುರಿ, ದನ, ಆರೂ ಹೋದವು ಅಂತ ಒಂದೊಂದ ಹೆಸರು ಹಿಡದ ಎಣಸ್ತಾನ, ಆಮ್ಯಾಲ 18ರಾಗ "ಆದರೂ" ದೇವರಾಗ ಸಂತೋಷ ಪಡ್ತೀನಿ ಅಂತಾನ. ನಿಮ್ಮ ಹೊಲದ ಹೆಸರು ಹಾಕಿ ಬರೀರಿ. ಬ್ಯಾಡಗಿ ಮೆಣಸಿನಕಾಯಿ ಹೂವು ಉದುರಿದ್ರೂ, ಹೆಸರು ಕಾಳು ಮಳ್ಯಾಗ ಮೊಳಕಿ ಒಡದ್ರೂ, ಎತ್ತು ಮಾರಿ ಕೊಟ್ಟಿಗಿ ಬರಿದಾದ್ರೂ... ಎಣಸೂದು ಮುಗಿಯೂತನಕ "ಆದರೂ" ಅನಬ್ಯಾಡ್ರಿ.

ಈ ನೆಲದ ಸಭಾಗಳೂ ಹಂಗ ಉಳದು ಬಂದಾವ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್, ಜರ್ಮನ್ ಪಾದ್ರಿಗಳೂ ಇದ್ದ ಸಂಸ್ಥಾ, ಧಾರವಾಡಕ್ಕ 1837ರಾಗ, ಹುಬ್ಬಳ್ಳಿಗಿ 1839ರಾಗ, ಬೆಟಗೇರಿಗಿ 1841ರಾಗ ಬಂತು. 1876-78ರ ದೊಡ್ಡ ಬರಾನೂ ಈ ಸಭಾಗಳು ಕಂಡಾವ. 1914ರ ಯುದ್ಧದಾಗ ಜರ್ಮನ್ ಪಾದ್ರಿಗಳನ್ನ ಸರಕಾರ ಹಿಡದ ಇಟ್ಟಿತು. ಇಲ್ಲಿ ಮಂದಿ ಆರಾಧನಿ ಬಿಡಲಿಲ್ಲ.

ಸಂಜೆಪ್ರಾರ್ಥನೆ, ಹುಬ್ಬಳ್ಳಿ

ಎಲ್ಲವನ್ನೂ ಬರೆದಿಟ್ಟುಕೊಂಡೆ. ಕೊನೆಯದೊಂದು: ಸಾವಾದ ವರ್ಷದ ಮೊದಲ ಕ್ರಿಸ್ಮಸ್. ನಕ್ಷತ್ರ ತೂಗುಹಾಕಬೇಕೋ ಬೇಡವೋ ಎಂದು ಮನೆಮನೆಯಲ್ಲೂ ಕೇಳುತ್ತಾರೆ.

ಮನೆಭೇಟಿ, ಧಾರವಾಡ

ಮನಿಯವರನ್ನ ಕೇಳ್ರಿ, ನೀವಾಗಿ ತೀರ್ಮಾನ ಮಾಡಬ್ಯಾಡ್ರಿ. ಬ್ಯಾಡ ಅಂದ್ರ ಬಿಡ್ರಿ. ಹೂಂ ಅಂದ್ರ ಸಣ್ಣದೊಂದು ಬಿಳೇ ನಕ್ಷತ್ರ, ಒಂದ ದೀಪ, ಮಿಣಕ್ ಮಿಣಕ್ ಅನ್ನೂದು ಬ್ಯಾಡ. ಏರಿ ಕಟ್ಟೂ ಕೆಲಸ ಸಭಾದ ಹುಡುಗರು ಮಾಡ್ಲಿ, ಯಾಕಂದ್ರ ಪ್ರತಿ ವರ್ಷ ಕಟ್ಟತಿದ್ದವರ ಇಲ್ಲದಿರಬಹುದು. ಆ ಮನ್ಯಾಗ ಕರ್ಚಿಕಾಯಿ, ಚಕ್ಕಲಿ ಮಾಡೂದಿಲ್ಲ. ನಿಮ್ಮ ಮನಿ ಡಬ್ಬಿ 24ರ ಸಂಜೀಕ ಮುಟ್ಟಿಸ್ರಿ. 25ರ ಮುಂಜಾನಿ ಆರಾಧನಿಗಿ ಕರಕೊಂಡ ಹೋಗಾಕ ಯಾರು, ಎಷ್ಟ ಗಂಟೆಕ್ಕ ಬರ್ತಾರ ಅನ್ನೂದು ಆವಾಗ ಹೇಳಿ ಬರ್ರಿ. ಗುಡಿಯೊಳಗ ಹಿಂದಿನ ಬೆಂಚಿನ್ಯಾಗ, ಬಾಗಲದ ಬಾಜೂಕ ಎರಡು ಜಾಗಾ ಹಿಡದ ಇಡ್ರಿ. ಹಾಡು ಶುರು ಆದಾಗ ತಡಕೊಳ್ಳಾಕ ಆಗಲಿಲ್ಲಂದ್ರ ಎದ್ದು ಹೊರಗ ಹೋಗಿ, ಮತ್ತ ಒಳಗ ಬಂದ ಕುಂದರಾಕ ಆಗಬೇಕು.